ಹಳೇ ನೆನಪು: ಬಳಕೆದಾರರ ಕೈಪಿಡಿ
(ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಗ್ರಾಹಕರಿಗೆ)

ಉಪಯೋಗ: ಟೀ ಅಂಗಡಿ ಮುಂದೆ ನಿಂತು "ನಾವು ಬಂದಾಗ ಇಲ್ಲೆಲ್ಲ ರಾಗಿ ಹೊಲ ಸಾರ್, ನರಪಿಳ್ಳೆ ಇರಲಿಲ್ಲ" ಎನ್ನಲು. ಹೇಳುವವರು ಹೋದ ಯುಗಾದಿಗೆ ಬಂದವರಾದರೂ ಯಂತ್ರ ಸರಾಗವಾಗಿ ಓಡುತ್ತದೆ.

ಒಳಭಾಗ: ಎರಡೂ ಕಿವಿಗಳ ನೇರಕ್ಕೆ, ಮಿದುಳಿನ ಆಳದಲ್ಲಿ ಹಿಪೊಕ್ಯಾಂಪಸ್ ಇದೆ. ನಡೆದದ್ದನ್ನು ನೆನೆದರೂ ಅದಕ್ಕೇ ಕೆಲಸ, ನಡೆಯದ್ದನ್ನು ಕಲ್ಪಿಸಿಕೊಂಡರೂ ಅದಕ್ಕೇ ಕೆಲಸ. ಪೀಣ್ಯದ ಶೆಡ್ಡಿನಲ್ಲಿ ಒಂದೇ ಲೇತ್ ಮೇಲೆ ಒರಿಜಿನಲ್ಲೂ ಡೂಪ್ಲಿಕೇಟೂ ಇಳಿದ ಹಾಗೆ. ಯಾವುದು ಕಂಡದ್ದು, ಯಾವುದು ಕಟ್ಟಿದ್ದು ಎಂದು ವಿಂಗಡಿಸುವುದು ಹಣೆಯ ಹಿಂದಿನ ಭಾಗ. ಕಂಡದ್ದರಲ್ಲಿ ಬಣ್ಣ, ಸದ್ದು, ಜಾಗದ ವಿವರ ಸಾಮಾನ್ಯವಾಗಿ ಹೆಚ್ಚು. ಆದರೆ ಕಟ್ಟಿದ್ದನ್ನೇ ಮತ್ತೆ ಮತ್ತೆ ಕಲ್ಪಿಸಿಕೊಂಡರೆ ಅದಕ್ಕೂ ಬಣ್ಣ ಏರುತ್ತದೆ.

ಬಳಸುವ ಕ್ರಮ:
1. ಕಂಡದ್ದೋ ಕೇಳಿದ್ದೋ ನೋಡಿಕೊಳ್ಳಿ. ವೈಟ್‌ಫೀಲ್ಡಿನ ವೇವರ್ಲಿ ಇನ್‌ಗೆ ಚರ್ಚಿಲ್ ಬರುತ್ತಿದ್ದನೆಂದು ಪಕ್ಕದಲ್ಲೇ ಕೂತಿದ್ದವರಂತೆ ಹೇಳುವವರಿದ್ದಾರೆ. ಆತ ಬೆಂಗಳೂರಿನ ದಂಡಿಗೆ ಬಂದದ್ದು 1896ರಲ್ಲಿ.
2. ಇಸವಿ ಕೇಳಿ. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರು ಮಾಡಿದ್ದು 1978ರಲ್ಲಿ. ಅದಕ್ಕೂ ಮುಂಚೆ ಅಲ್ಲಿ ಎತ್ತು ಹೂಡಿದ್ದನ್ನು ಕಂಡೆ ಎನ್ನುವವರ ಹುಟ್ಟಿದ ವರ್ಷವನ್ನು ನಯವಾಗಿ ವಿಚಾರಿಸಿ.
3. ಆಗಲೂ ಬಗೆಹರಿಯದಿದ್ದರೆ ಹಳೇ ಪಹಣಿ ತೆಗೆಸಿ. ಬೆಳೆ ಕಾಲಂನಲ್ಲಿ ರಾಗಿಯ ಬದಲು ನೀಲಗಿರಿ ಅಂತಿದ್ದರೆ ಸುಮ್ಮನಾಗಿ.

ಎಚ್ಚರಿಕೆ: ತಲೆಗೆ ವೈರು ಅಂಟಿಸಿ ಪರೀಕ್ಷಿಸಬೇಡಿ. ನಿಮ್ಹಾನ್ಸ್‌ನಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗದ ಮುಖ್ಯಸ್ಥರಾಗಿದ್ದ ಸಿ.ಆರ್. ಮುಕುಂದನ್ ರೂಪಿಸಿದ 'ಬಿಯೋಸ್' ಪರೀಕ್ಷೆ ಅದನ್ನೇ ಮಾಡಹೊರಟಿತ್ತು: ಅಪರಾಧ ಮಾಡಿದವನ ನೆನಪನ್ನೂ ಬರೀ ಕೇಳಿ ತಿಳಿದವನ ಅರಿವನ್ನೂ ಮಿದುಳಿನ ವಿದ್ಯುತ್ ಅಲೆಗಳಿಂದ ಬೇರ್ಪಡಿಸುವುದು. 2008ರಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಪ್ರಕರಣದಲ್ಲಿ ಅದನ್ನು ನಂಬಿತು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ಸಮಿತಿ, ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದಿತು. 2010ರ ಮೇ 5ರಂದು 'ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಯಾರಿಗೂ ಇಂಥ ಮಿದುಳು ಪರೀಕ್ಷೆ ಮಾಡಕೂಡದು ಎಂದು ತೀರ್ಪಿತ್ತಿತು. ಟೀ ಅಂಗಡಿಯ ಗಿರಾಕಿಗೂ ಇದು ಅನ್ವಯ.

ಗ್ಯಾರಂಟಿ: ಇಲ್ಲ. ತಯಾರಕರು, ತಪಾಸಕರು, ಗ್ರಾಹಕರು ಮೂವರೂ ತಾವೇ ಆಗಿರುವುದರಿಂದ ದೂರು ಸ್ವೀಕರಿಸಲಾಗುವುದಿಲ್ಲ.