ಕಪಾಟು ಮೀಮಾಂಸೆ: ಜೀರ್ಣದ್ವಾರೋದ್ಧಾರ ಪ್ರಕರಣ

ಅಡುಗೆಮನೆಯ ಹಳೆಯ ಕಪಾಟನ್ನು ಕಿತ್ತುಹಾಕದೆ ಹೊಸದು ಮಾಡಬಹುದೆ ಎಂಬ ಜಿಜ್ಞಾಸೆಗೆ ನಮ್ಮ ಆಚಾರ್ಯರಾರೂ ಭಾಷ್ಯ ಬರೆಯದಿರುವುದು ವಿಷಾದದ ಸಂಗತಿ. ಭಿಕ್ಷೆಗೆ ಬಂದು ಬಾಗಿಲಾಚೆಯೇ ನಿಲ್ಲುವ ಸಂನ್ಯಾಸಿಗಳು ಒಳಗಿನ ಕಪಾಟು ಕಂಡಿರಲಾರರು. ಈ ಕೊರತೆ ತುಂಬಲು ಹೊರಟ ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟೆ: ಕಪಾಟಿನಲ್ಲಿ ಮುಪ್ಪಾಗುವುದು ಬಾಗಿಲು, ಪೆಟ್ಟಿಗೆಯಲ್ಲ, ಆದ್ದರಿಂದ ಖರ್ಚೂ ಬಾಗಿಲಿಗೆ ಮಾತ್ರ ಸಲ್ಲತಕ್ಕದ್ದು. ಇದನ್ನು ಸಾಧಿಸಲು ಎಷ್ಟು ಪ್ರಮಾಣ ಬೇಕು? ಅದ್ವೈತಿಗಳು ಆರು ಒಪ್ಪುತ್ತಾರೆ, ಮಾಧ್ವರು ಮೂರರಲ್ಲೇ ಮುಗಿಸುತ್ತಾರೆ. ಮಿತವ್ಯಯವೇ ವಿಷಯವಾಗಿರುವಾಗ ಉಡುಪಿಯ ಕಡೆ ವಾಲುವುದೇ ನ್ಯಾಯ.

ಮೊದಲನೆಯದು ಪ್ರತ್ಯಕ್ಷ. ಒಗ್ಗರಣೆಯ ಜಿಡ್ಡು, ಅಂಚು ಎದ್ದ ಸನ್‌ಮೈಕಾ, ಜೋತುಬಿದ್ದ ಹಿಂಜು ಎಲ್ಲವೂ ಬಾಗಿಲಲ್ಲೇ ಕಾಣುತ್ತವೆ. ಒಳಗಿನ ಪ್ಲೈವುಡ್ ಹಳೆ ಪೇಪರಿನ ಹಾಸಿನಡಿ ಹಾಯಾಗಿದೆ. ಎರಡನೆಯದು ಅನುಮಾನ. ತಾರ್ಕಿಕರು ಹೊಗೆ ಕಂಡು ಬೆಂಕಿಯನ್ನು ಊಹಿಸಿದರು, ನಾವು ಮಣ್ಣಿನ ಗೆರೆ ಕಂಡು ಗೆದ್ದಲನ್ನು ಊಹಿಸುತ್ತೇವೆ. ಗೆರೆಯಿಲ್ಲ, ಬೆರಳಿನಿಂದ ಬಡಿದರೆ ಟೊಳ್ಳು ಸದ್ದೂ ಇಲ್ಲ ಎಂದಾದರೆ ಪೆಟ್ಟಿಗೆ ಗಟ್ಟಿ. ಮೂರನೆಯದು ಆಗಮ, ಅಂದರೆ ಬಡಗಿಯ ವಾಕ್ಯ: ‘ಎಲ್ಲಾ ಕಿತ್ತಾಕ್ಬೇಕು ಸಾರ್, ಇದ್ರಲ್ಲಿ ಏನೂ ಉಳ್ದಿಲ್ಲ.’ ವೇದ ಅಪೌರುಷೇಯ, ಆದ್ದರಿಂದ ನಿರ್ದೋಷ. ಈ ವಾಕ್ಯವೋ ಪೌರುಷೇಯ, ಮೇಲಾಗಿ ಪ್ಲೈವುಡ್ ಅಂಗಡಿಯ ಕಮಿಷನ್‌ಸಹಿತ. ಪ್ರಮಾಣಕೋಟಿಗೆ ಸೇರದು.

ಸನ್‌ಮೈಕಾದ ಮೇಲೆ ಬಣ್ಣ ನಿಲ್ಲದೆಂಬುದು ಪೂರ್ವಪಕ್ಷ. ಉಜ್ಜದಿದ್ದರೆ ನಿಲ್ಲದು, ನಿಜ. ಸೋಡಾ ನೀರಲ್ಲಿ ಜಿಡ್ಡು ತೊಳೆದು, 220 ನಂಬರಿನ ಸ್ಯಾಂಡ್‌ಪೇಪರಿನಿಂದ ಹೊಳಪು ಹೋಗುವವರೆಗೆ ಉಜ್ಜಿ, ಪ್ರೈಮರ್ ಒಣಗಿದ ಮೇಲೆ ಎನಾಮಲ್ ಬಳಿದರೆ ಆಕ್ಷೇಪ ಉದುರುತ್ತದೆ. ತೊಳೆಯದೆ ಬಳಿದ ಬಣ್ಣ ಮೊದಲ ಒಗ್ಗರಣೆಗೇ ಸಂನ್ಯಾಸ ಸ್ವೀಕರಿಸುತ್ತದೆ. ಹಿಂಜಿನದು ದೊಡ್ಡ ವಾದವೇನಲ್ಲ: 35 ಮಿ.ಮೀ. ಗುಳಿ ಮೊದಲೇ ಇದ್ದರೆ ಹೊಸದು ಸಾಮಾನ್ಯವಾಗಿ ಅಲ್ಲೇ ಕೂರುತ್ತದೆ, ಸ್ಕ್ರೂ ತೂತು ಸಡಿಲಾಗಿದ್ದರೆ ಫೆವಿಕಾಲ್ ಅದ್ದಿದ ಬೆಂಕಿಕಡ್ಡಿ ತುರುಕಬೇಕು. ಹೊಸ ಬಾಗಿಲ ಹಿಂದೆ ಹಳೆ ಪೆಟ್ಟಿಗೆ ಇಡುವುದು ವಂಚನೆಯಲ್ಲವೆ ಎಂಬ ನೈತಿಕ ಪ್ರಶ್ನೆಗೆ ಮಾತ್ರ ಉಡುಪಿಯಲ್ಲಿ ಉತ್ತರವಿಲ್ಲ, ಶೃಂಗೇರಿಗೇ ಹೋಗಬೇಕು. ನೆಂಟರಿಗೆ ವ್ಯಾವಹಾರಿಕ ಸತ್ಯ ಸಾಕು. ಪಾರಮಾರ್ಥಿಕ ಸತ್ಯ ಸಾಸಿವೆ ಡಬ್ಬ ಹುಡುಕುವವರಿಗೆ. ಹೀಗೆ ನಡುವೆ ಮತ ಬದಲಿಸಿದ್ದು ಅಸಂಗತ ಎನ್ನುವವರು ಹೊಸ ಮಾಡ್ಯುಲರ್ ಕಿಚನ್ನಿನ ಕೊಟೇಶನ್ ಓದಿ ಬಂದು ಮಾತಾಡಲಿ.

ಅಪವಾದ ಒಂದುಂಟು, ಸಿಂಕಿನ ಕೆಳಗಿನದು. ನಲ್ಲಿ ಸೋರಿ ಅಲ್ಲಿನ ಪಾರ್ಟಿಕಲ್ ಬೋರ್ಡು ಉಪ್ಪಿಟ್ಟಿನಂತೆ ಅರಳಿರುವಾಗ ಬಾಗಿಲಿಗೆ ಬಣ್ಣ ಬಳಿಯುವುದು ಶಾಸ್ತ್ರಕ್ಕೂ ಸಲ್ಲದು. ಪೆಟ್ಟಿಗೆಯನ್ನೇ ಬದಲಿಸಬೇಕು, ಅದೂ ಐಎಸ್ 710 ಮುದ್ರೆಯ ಪ್ಲೈವುಡ್ಡಿನಲ್ಲಿ. ಅದರ ಅಂಟನ್ನು 72 ಗಂಟೆ ನೀರಲ್ಲಿ ಕುದಿಸಿ ಪರೀಕ್ಷಿಸುತ್ತಾರೆ. ನಮ್ಮ ಯಾವ ಹುಳಿಗೂ ಆ ತಪಸ್ಸಿಲ್ಲ. ಇಷ್ಟಕ್ಕಾಗಿ ಬಡಗಿಯನ್ನು ಕರೆಸಬಹುದು. ಆತ ಅಳತೆ ತೆಗೆಯುವಾಗ ಉಳಿದ ಕಪಾಟುಗಳ ಬಾಗಿಲು ತೆರೆದಿರತಕ್ಕದ್ದಲ್ಲ.