ಹಣ್ಣು ತಿಂದವನೇ ಶೂರ

ವಿಡಿಯೋ ಗೇಮ್ ಅಂದರೆ ಬಂದೂಕು, ಗದ್ದಲ, ಹಲ್ಲು ಕಡಿತ ಎನ್ನುವವರು ನಿಂಟೆಂಡೊದ ‘ಯೋಶಿಸ್ ಸ್ಟೋರಿ’ ನೋಡಬೇಕು. 1997ರ ಕೊನೆಗೆ ಜಪಾನಿನಲ್ಲಿ ನಿಂಟೆಂಡೊ 64 ಗೇಮ್ ಯಂತ್ರಕ್ಕೆ ಬಂದ ಆಟ. ಬೇಬಿ ಬೌಸರ್ ಎಂಬ ಕಿಡಿಗೇಡಿ ಸಂತೋಷದ ಮರವನ್ನು ಕದ್ದು, ಇಡೀ ದ್ವೀಪವನ್ನೇ ಚಿತ್ರಪುಸ್ತಕ ಮಾಡಿಬಿಡುತ್ತಾನೆ. ಶಾಪ ಕೊಟ್ಟರೆ ಇಂಥದ್ದು ಕೊಡಬೇಕು! ಎಲ್ಲಿ ನೋಡಿದರೂ ರಟ್ಟು, ಬಟ್ಟೆ, ಹೊಲಿಗೆ, ಕಣ್ಣಿಗೆ ತಂಪು.

ಮರವನ್ನು ಮರಳಿ ತರಲು ಹೊರಟ ಯೋಶಿ ಎಂಬ ಡೈನೋಸಾರ್ ಮರಿಗಳ ಪರಾಕ್ರಮವೆಲ್ಲ ನಾಲಿಗೆಯಲ್ಲಿ. 30 ಹಣ್ಣು ತಿಂದರೆ ಹಂತ ಮುಗಿಯಿತು. ಮದುವೆಮನೆಯ ಪಂಕ್ತಿಯಲ್ಲಿ ಕೂತ ಮಾವನಿಗೂ ಇಷ್ಟು ಸುಲಭವಾಗಿ ವೀರಪಟ್ಟ ದಕ್ಕಿಲ್ಲ. ಏಟು ಬಿದ್ದರೆ ರಕ್ತವಿಲ್ಲ; ಮೂಲೆಯಲ್ಲಿ ನಗುವ ಹೂವಿನ ದಳ ಉದುರುತ್ತದೆ, ಅಷ್ಟೇ.

ಇನ್ನು ಕೊರತೆ. ಪುಸ್ತಕಕ್ಕೆ ಆರು ಪುಟ, ಪುಟಕ್ಕೆ ನಾಲ್ಕರಂತೆ 24 ಹಂತ. ಆದರೆ ಒಂದು ಸುತ್ತಿನಲ್ಲಿ ಪುಟಕ್ಕೆ ಒಂದೇ! ಆಡುವವನಿಗೆ ಬೆವರು ಬರುವ ಮೊದಲೇ ಮಂಗಳ ಹಾಡಿಬಿಡುತ್ತಾರೆ. ನಡುನಡುವೆ ಮರಿಗಳ ಸಾಮೂಹಿಕ ಗಾಯನ ಬೇರೆ. ಮೊದಲ ಸಲ ಮುದ್ದು, ಆಮೇಲೆ ಕಿವಿಗೆ ಹತ್ತಿ ಬೇಕು.

ಸವಾಲೇ ಬೇಕೆಂಬ ಹಠಮಾರಿಗಳಿಗೂ ದಾರಿಯಿದೆ: ಸಿಕ್ಕಿದ್ದನ್ನೆಲ್ಲ ಮುಕ್ಕದೆ, ನೆಲ ಮೂಸಿ ಮೂಸಿ, ಪ್ರತಿ ಹಂತದಲ್ಲೂ 30 ಕರಬೂಜವನ್ನೇ ಹುಡುಕಿ ತಿನ್ನಿ. ಆಗ ಆಟ ಉದ್ದವೂ ಆಗುತ್ತದೆ, ಕಷ್ಟವೂ ಆಗುತ್ತದೆ. ಅಂದರೆ ಇಲ್ಲಿ ಹೊಟ್ಟೆಬಾಕನಿಗೆ ಆರಾಮ, ಪಥ್ಯದವನಿಗೇ ಪರೀಕ್ಷೆ!