ಇಳಿಯುವವನೂ ಏರುವವನೂ: ಗ್ರ್ಯಾಂಡ್ ಕ್ಯಾನ್ಯನ್ ಪೂರ್ವಸಿದ್ಧತಾ ಮೀಮಾಂಸೆ

ಬೆಟ್ಟ ಹತ್ತುವ ಶಾಸ್ತ್ರ ಹಳೆಯದು, ಸರಳವಾದದ್ದು. ಮೊದಲು ಹತ್ತಬೇಕು, ಆಮೇಲೆ ಇಳಿಯಬೇಕು. ಸುಸ್ತಾದವನು ಅರ್ಧಕ್ಕೇ ತಿರುಗಿ ಬಂದು ಕಾರಿನಲ್ಲಿ ಕೂತು ಚಕ್ಕುಲಿ ತಿನ್ನಬಹುದು. ಕೊಡಚಾದ್ರಿಗೂ ಕುಮಾರಪರ್ವತಕ್ಕೂ ಈ ನಿಯಮ ಸಮಾನವಾಗಿ ಅನ್ವಯಿಸುತ್ತದೆ. ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಮಾತ್ರ ಅದು ತಲೆಕೆಳಗು. ಅಲ್ಲಿ ಕಾರು ನಿಲ್ಲುವುದೇ ನೆತ್ತಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದ ಸೌತ್ ರಿಮ್‌ನಲ್ಲಿ. ಹೋಗಬೇಕಾದ ಕೊಲರಾಡೊ ನದಿ ಇರುವುದು ಅಲ್ಲಿಂದ 1,400 ಮೀಟರ್‌ನಷ್ಟು ಕೆಳಗೆ. ಸುಸ್ತಾಗುವ ಹೊತ್ತಿಗೆ ಮನುಷ್ಯ ತಳದಲ್ಲಿರುತ್ತಾನೆ, ಚಕ್ಕುಲಿ ಮೇಲಿರುತ್ತದೆ. ಇದರಿಂದ ಹುಟ್ಟುವ ತಾತ್ವಿಕ ತೊಡಕುಗಳನ್ನು ಬಿಡಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಫೀನಿಕ್ಸ್ ನಗರದ ಕನ್ನಡಿಗರದೊಂದು ವಾಟ್ಸಾಪ್ ಗುಂಪೇ ಇದರ ಮುಖ್ಯ ಆಕರ. ಶುಭೋದಯ ಸಂದೇಶಗಳನ್ನು ಪ್ರಕ್ಷಿಪ್ತವೆಂದು ಕೈಬಿಡಲಾಗಿದೆ.

ಮೂಲ ಪ್ರಮೇಯ ಇದು: ಕಣಿವೆ ಪ್ರವಾಸಕ್ಕೆ ಹೋಗುವವನು ಒಬ್ಬನಲ್ಲ, ಮೂವರು. ಅರ್ಜಿದಾರ, ಇಳಿಯುವವ, ಏರುವವ. ಮೂವರ ಪಾಸ್‌ಪೋರ್ಟ್ ಒಂದೇ ಆದ್ದರಿಂದ ಮೂವರೂ ಒಬ್ಬನೇ ಎಂಬುದು ಅದ್ವೈತಿಗಳ ಮತ. ಏರುವವನ ಮಂಡಿಯನ್ನು ಕಣ್ಣಾರೆ ಕಂಡವರು ಭೇದವೇ ಸತ್ಯವೆಂದು ಉಡುಪಿಯ ಕಡೆ ವಾಲುತ್ತಾರೆ. ವಿಶಿಷ್ಟಾದ್ವೈತಿಗಳ ಪ್ರಕಾರ ಬೆನ್ನಚೀಲ ಶರೀರ, ಹೊತ್ತವನು ಶರೀರಿ, ಒಂದನ್ನು ಬಿಟ್ಟು ಇನ್ನೊಂದಿಲ್ಲ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಈ ವಾದಕ್ಕೆ ಬೆಂಬಲಿಗರು ಜಾಸ್ತಿ.

ಮೊದಲು ಅರ್ಜಿದಾರ. ಕಣಿವೆಯೊಳಗೆ ಡೇರೆ ಹಾಕಿ ರಾತ್ರಿ ತಂಗಲು ಪರ್ಮಿಟ್ ಬೇಕು. ಹಿಂದೆ ಅದಕ್ಕೆ ಫ್ಯಾಕ್ಸ್ ಕಳಿಸಬೇಕಿತ್ತು, ಈಗ ತಿಂಗಳುಗಳ ಮುಂಚೆ ಆನ್‌ಲೈನ್ ಲಾಟರಿ ಹಾಕಬೇಕು. ಗೆದ್ದವನಿಗೆ ಪರ್ಮಿಟ್ ಸಿಗುವುದಿಲ್ಲ. ಇಂಥ ದಿನ ಇಂಥ ಹೊತ್ತಿಗೆ ಬಂದು, ಜಾಗ ಉಳಿದಿದ್ದರೆ, ದುಡ್ಡು ಕಟ್ಟಿ ಪರ್ಮಿಟ್ ಕೊಳ್ಳುವ ಹಕ್ಕು ಸಿಗುತ್ತದೆ. ಬಹುಮಾನದ ಪರಿಕಲ್ಪನೆಯನ್ನು ಇಷ್ಟು ಸೂಕ್ಷ್ಮಕ್ಕೆ ಒಯ್ದ ನಾಗರಿಕತೆ ಇನ್ನೊಂದಿಲ್ಲ. ಗುಂಪು ಹನ್ನೊಂದು ಜನರನ್ನು ಮೀರುವಂತಿಲ್ಲ ಎಂಬ ನಿಯಮವೂ ಇದೆ. ನಮ್ಮವರಲ್ಲಿ ಏರ್‌ಪೋರ್ಟಿಗೆ ಬೀಳ್ಕೊಡಲು ಬರುವವರೇ ಅದಕ್ಕಿಂತ ಹೆಚ್ಚು.

ಅರ್ಜಿದಾರ ಸೋಫಾದ ಮೇಲೆ ಕಾಲು ಚಾಚಿ, ಕಾಫಿ ಹೀರುತ್ತಾ ಎಕ್ಸೆಲ್ ಶೀಟು ತುಂಬುತ್ತಾನೆ. ಮೊದಲ ದಿನ ಸೌತ್ ಕೈಬಾಬ್ ಹಾದಿಯಲ್ಲಿ 11 ಕಿಲೋಮೀಟರ್ ಇಳಿತ. ಮರುದಿನ ಬ್ರೈಟ್ ಏಂಜೆಲ್ ಹಾದಿಯಲ್ಲಿ 15 ಕಿಲೋಮೀಟರ್ ಏರಿಕೆ. ಇಳಿಯಲು ಹಿಡಿದ ಸಮಯದ ಎರಡರಷ್ಟು ಏರಲು ಬೇಕೆಂದು ಉದ್ಯಾನದವರು ಹೇಳುತ್ತಲೇ ಇದ್ದಾರೆ. ಆದರೆ ಅರ್ಜಿದಾರನ ಶೀಟಿನಲ್ಲಿ ಎರಡೂ ದಿನ ಊಟ ಒಂದು ಗಂಟೆಗೇ ಇದೆ. ತಪ್ಪು ಅವನದಲ್ಲ, ಕಣಿವೆಯದು. 1540ರಲ್ಲಿ ಹೋಪಿ ಜನ ದಾರಿ ತೋರಿಸಿ ಕಾರ್ಡೆನಾಸ್ ಎಂಬ ಸ್ಪೇನಿನ ದಳಪತಿಯನ್ನು ಇಲ್ಲಿಗೆ ಕರೆತಂದಾಗ, ಮೇಲಿನಿಂದ ನದಿ ಒಂದು ಮಾರಿನಗಲ ಕಂಡಿತಂತೆ. ಮೂವರು ಇಳಿಯಲು ಹೋಗಿ, ಮೂರನೆಯ ಒಂದು ಭಾಗವನ್ನಷ್ಟೇ ಮುಟ್ಟಿ, ಸಂಜೆಗೆ ವಾಪಸಾದರು. ಮೇಲಿನಿಂದ ಆಳೆತ್ತರ ಕಂಡಿದ್ದ ಬಂಡೆಗಳು ಸೆವಿಲ್‌ನ ದೊಡ್ಡ ಗೋಪುರವನ್ನೂ ಮೀರಿಸಿವೆ ಎಂಬುದು ಅವರ ವರದಿ. ಅವರ ಬಳಿ ಎಕ್ಸೆಲ್ ಇರಲಿಲ್ಲ ಎಂಬುದೊಂದೇ ವ್ಯತ್ಯಾಸ.

ಇನ್ನು ಇಳಿಯುವವ. ಚೀಲ ತುಂಬುವವನು ಇವನು, ಹೊರುವವನು ಮುಂದಿನವನು. ಆದ್ದರಿಂದಲೇ ಇವನ ಔದಾರ್ಯಕ್ಕೆ ಎಣೆಯಿಲ್ಲ. ಹೊರಡುವ ಹಿಂದಿನ ರಾತ್ರಿ ತೂಕದ ಯಂತ್ರದ ಮೇಲೆ ಚೀಲ ನಿಂತಿರುತ್ತದೆ. ಡೇರೆ, ಗ್ಯಾಸ್ ಒಲೆ (ಕಟ್ಟಿಗೆ ಬೆಂಕಿ ನಿಷಿದ್ಧ), ಗೊಜ್ಜವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ. ಅದರ ಮೇಲೆ ನಾಲ್ಕು ಲೀಟರ್ ನೀರು ಕಡ್ಡಾಯ, ಏಕೆಂದರೆ ಕೈಬಾಬ್ ಹಾದಿಯುದ್ದಕ್ಕೂ ಒಂದು ಹನಿ ಸಿಗುವುದಿಲ್ಲ. ಬ್ರೈಟ್ ಏಂಜೆಲ್ ಹಾದಿಯಲ್ಲಿ ನಲ್ಲಿಗಳಿವೆ. ಆದರೆ ಅವುಗಳ ಪೈಪು 1960ರ ದಶಕದ್ದು, ಪದೇ ಪದೇ ಒಡೆಯುತ್ತದೆ. ನೀರು ಬರುವ ದಿನ ಕೇಳಿಕೊಂಡು ಬದುಕಿದ ಬೆಂಗಳೂರಿಗರಿಗೆ ಈ ಒಂದು ವಿಷಯದಲ್ಲಿ ವಿಶೇಷ ತರಬೇತಿ ಬೇಕಾಗದು. ಮುಳ್ಳು ಹದಿನಾರು ಕಿಲೋ ದಾಟಿದ ಮೇಲೆ ಇಳಿಯುವವ ಅಡುಗೆಮನೆಗೆ ಹೋಗಿ ಎರಡು ಲೀಟರಿನ ಕುಕ್ಕರ್ ತರುತ್ತಾನೆ. ಗ್ಯಾಸ್ಕೆಟ್ ಬಿಚ್ಚಿ ಪಕ್ಕಕ್ಕಿಡುತ್ತಾನೆ. ಭಾರ ಇಳಿಸಿದೆ ಎನ್ನುತ್ತಾನೆ.

ಉಪ್ಪಿನಕಾಯಿಯ ವಿಷಯದಲ್ಲಿ ಮಾತ್ರ ಶಾಸ್ತ್ರ ಅವನ ಪಕ್ಷ. ಬಿಸಿಲಿನಲ್ಲಿ ಬರೀ ನೀರು ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ಕುಸಿಯುತ್ತದೆ. ಆಗಿನ ತಲೆಸುತ್ತು, ವಾಕರಿಕೆಗಳು ಬಿಸಿಲಿನ ಬಳಲಿಕೆಯಂತೆಯೇ ತೋರುವುದರಿಂದ ಮನುಷ್ಯ ಇನ್ನಷ್ಟು ನೀರು ಕುಡಿದು ಅಪಾಯ ತಂದುಕೊಳ್ಳುತ್ತಾನೆ. ನೀರಿನ ಜೊತೆ ಉಪ್ಪಿನ ತಿಂಡಿ ತಿನ್ನಿ ಎಂಬುದು ರೇಂಜರುಗಳ ಉಪದೇಶ. ಕೋಡುಬಳೆ ಆರೋಗ್ಯಕ್ಕೆ ಕೆಟ್ಟದ್ದೆಂದು ಊರಿನ ಡಾಕ್ಟರು ಹೇಳಿದ ಮಾತು ಸಮುದ್ರಮಟ್ಟಕ್ಕೆ ಸೀಮಿತವೆಂದು ತಿಳಿಯಬೇಕು.

ಅತಿಸಿದ್ಧತೆಗೆ ಪೂರ್ವನಿದರ್ಶನವೂ ಇದೆ. 1882ರಲ್ಲಿ ಕಣಿವೆಯ ಗ್ರಂಥ ಬರೆದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ ಇಲ್ಲಿನ ಶಿಖರಗಳಲ್ಲಿ ಗುಡಿಗೋಪುರಗಳನ್ನು ಕಂಡು ವಿಷ್ಣು ಟೆಂಪಲ್, ಶಿವ ಟೆಂಪಲ್ ಎಂದೆಲ್ಲ ಕರೆದ. ತಳದಲ್ಲಿ ಸುಮಾರು 170 ಕೋಟಿ ವರ್ಷ ಹಳೆಯ ಶಿಲೆ ಮಲಗಿದೆ. ಅದಕ್ಕೂ ವಿಷ್ಣುವಿನದೇ ಹೆಸರು. ಎರಡು ಗುಡಿಗಳಲ್ಲಿ ಯಾವುದು ಎತ್ತರ ಎಂಬ ಪ್ರಶ್ನೆಯನ್ನು ಈ ಪ್ರಬಂಧ ಎತ್ತುವುದಿಲ್ಲ. ಓದುಗರಲ್ಲಿ ಎರಡೂ ಕಡೆಯವರಿದ್ದಾರೆ. 1937ರಲ್ಲಿ ನ್ಯೂಯಾರ್ಕಿನ ನೈಸರ್ಗಿಕ ಇತಿಹಾಸ ಸಂಗ್ರಹಾಲಯದ ತಂಡವೊಂದು ಶಿವ ಟೆಂಪಲ್ ಹತ್ತಿತು. ಯುಗಾಂತರಗಳಿಂದ ಒಂಟಿಯಾದ ನೆತ್ತಿಯ ಮೇಲೆ ವಿಚಿತ್ರ ಪ್ರಾಣಿಗಳು ವಿಕಾಸವಾಗಿರಬಹುದೆಂಬ ನಿರೀಕ್ಷೆ. ವಿಮಾನದಿಂದ ಸಾಮಾನು ಉದುರಿಸಿಕೊಂಡರು, ಪತ್ರಿಕೆಗಳಲ್ಲಿ ಗದ್ದಲವಾಯಿತು. ಸಿಕ್ಕಿದ್ದು ಮಾಮೂಲಿ ಇಲಿ ಅಳಿಲುಗಳು, ಜೊತೆಗೆ ಒಂದು ಖಾಲಿ ಕೊಡಕ್ ಫಿಲ್ಮ್ ಡಬ್ಬಿ. ರಿಮ್‌ನಲ್ಲೇ ಸ್ಟುಡಿಯೊ ಇಟ್ಟಿದ್ದ ಎಮರಿ ಕೋಲ್ಬ್ ಯಾರಿಗೂ ಹೇಳದೆ ಮೊದಲೇ ಹತ್ತಿ ಬಂದಿದ್ದ.

ಅಳಿಲಿನ ಮಾತು ಬಂದದ್ದರಿಂದ ಒಂದು ಅವಾಂತರ ಪ್ರಕರಣ. ಇಲ್ಲಿ ಪ್ರವಾಸಿಗರನ್ನು ಕಚ್ಚುವುದರಲ್ಲಿ ಬಂಡೆ ಅಳಿಲು ಎತ್ತಿದ ಕೈ. ಒಂದು ಅಳಿಲು ಎದುರಿಗೆ ಹಿಂಗಾಲಲ್ಲಿ ಎದ್ದು, ಹೊಟ್ಟೆಯ ಮೇಲೆ ಎರಡೂ ಕೈ ಕಟ್ಟಿ, ಅನಾಥಮುಖ ಮಾಡುತ್ತದೆ. ನೀವು ಫೋನು ಹುಡುಕುವಷ್ಟರಲ್ಲಿ ಅದರ ಸಹೋದ್ಯೋಗಿ ಹಿಂದಿನಿಂದ ಚೀಲದ ಪಕ್ಕದ ಜೇಬು ಕೊರೆದು ಚಟ್ನಿಪುಡಿಯವರೆಗೆ ತಲುಪಿರುತ್ತದೆ. ಆಮೇಲೆ ಅದು ಸೀನುವುದನ್ನು ಕೇಳಿ ಸಂತೋಷಪಡಬಾರದು, ವನ್ಯಜೀವಿಗೆ ಆಹಾರ ಕೊಟ್ಟರೆ ದಂಡವಿದೆ. ಕ್ಯಾಂಪುಗಳಲ್ಲಿ ತಿಂಡಿ ಇಡಲೆಂದೇ ಲೋಹದ ಪೆಟ್ಟಿಗೆಗಳಿವೆ.

ಏರುವವನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಅವನು ಯಾವ ಮೀಟಿಂಗಿಗೂ ಬಂದಿರುವುದಿಲ್ಲ. ಯೋಜನೆಯ ಮೇಲೆ ಪೂರ್ಣ ಅಧಿಕಾರವಿರಬೇಕಾದವನು ಅವನೊಬ್ಬನೇ, ಆದರೆ ಅವನು ಹುಟ್ಟುವುದೇ ತಳದಲ್ಲಿ, ನಸುಕಿನ ನಾಲ್ಕು ಗಂಟೆಗೆ. ಬೆಳಗಿನ ಹತ್ತರಿಂದ ಸಂಜೆ ನಾಲ್ಕರವರೆಗೆ ಬೇಸಿಗೆಯ ಬಿಸಿಲಲ್ಲಿ ನಡೆಯಬೇಡಿ ಎಂದಿದ್ದಾರಲ್ಲ, ಅದಕ್ಕೇ ಆ ಮುಹೂರ್ತ. ಕಣ್ಣುಬಿಟ್ಟು ಅವನು ಕೇಳುವ ಮೊದಲ ಪ್ರಶ್ನೆ ಎಲ್ಲ ದರ್ಶನಗಳಲ್ಲೂ ಒಂದೇ: “ಈ ಕುಕ್ಕರ್ ಯಾವನು ತಂದಿದ್ದು?” ಸಾಮಾನನ್ನು ಹೇಸರಗತ್ತೆಯ ಮೇಲೆ ಮುಂಗಡ ಬುಕ್ ಮಾಡಿ ಕಳಿಸುವ ವ್ಯವಸ್ಥೆಯೂ ಅಲ್ಲಿದೆ. ಶರೀರವನ್ನು ಶರೀರಿಯಿಂದ ಹೀಗೆ ದುಡ್ಡಿಗೆ ಬೇರ್ಪಡಿಸಬಹುದಾದರೆ ಮೇಲ್ಕೋಟೆಯ ಪಂಡಿತರು ಏನೆನ್ನುತ್ತಾರೋ.

ಉಳಿದಿರುವುದು ಒಂದೇ ಆಕ್ಷೇಪ. ಎತ್ತಿದವರು ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿರುವ ಅರ್ಜಿದಾರನ ತಾಯಿ. “ಅಲ್ಲ ಕಣೋ, ಇದೆಲ್ಲ ಮೇಲೆ ನಿಂತ್ರೆ ಕಾಣಲ್ವೇನೋ?”

“ಕಾಣತ್ತಮ್ಮ.”

“ಮತ್ತೆ?”

ಈ ಪೂರ್ವಪಕ್ಷಕ್ಕೆ ಸಂಖ್ಯಾಬಲವೂ ಇದೆ. ವರ್ಷಕ್ಕೆ ಸುಮಾರು 50 ಲಕ್ಷ ಜನ ಅಲ್ಲಿಗೆ ಬರುತ್ತಾರೆ, ಬಹುಪಾಲು ಜನ ಮೇಲೆ ನಿಂತು ನೋಡಿ, ಐಸ್‌ಕ್ರೀಂ ತಿಂದು ಹೋಗುತ್ತಾರೆ. ಅವರೆಲ್ಲ ಅಮ್ಮನ ಪಕ್ಷ. ನಮ್ಮ ಪಕ್ಷದಲ್ಲಿರುವುದು ಹನ್ನೊಂದು ಜನ; ಅವರಲ್ಲೂ ಇಬ್ಬರು ಮಂಡಿಯ ಎಂಆರ್‌ಐ ರಿಪೋರ್ಟ್ ಬಂದ ಮೇಲೆ ಹೇಳುತ್ತೇವೆ ಅಂದಿದ್ದಾರೆ.